ಕೋವಿಗೂ ಒಂದು ಊರು ಬೇಕು

ಗುಡುಗು ಮಿಂಚು, ಬಾವಿಯ ಒರತೆ, ಅಡಿಕೆಯ ಕೊಳೆರೋಗ ಎಂದು ಬರೆಯುತ್ತಿದ್ದ ಮಾಸ್ತರು ಈ ವಾರ ಕೋವಿ ಹಿಡಿದು ನಿಂತಿದ್ದಾರಲ್ಲ ಎಂದು ಗಾಬರಿಯಾಗಬೇಡಿ. ನಾನು ಜನ್ಮದಲ್ಲಿ ಒಂದು ಈಡನ್ನೂ ಹೊಡೆದವನಲ್ಲ. ಆದರೆ ನಮ್ಮ ಬಿಳಗಿಯ ಸುತ್ತಮುತ್ತ ಅಡಿಕೆ ತೋಟವಿರುವ ಹಲವು ಮನೆಗಳಲ್ಲಿ ಅಟ್ಟದ ಮೇಲೋ ಒಳಕೋಣೆಯ ಮೂಲೆಯಲ್ಲೋ ಒಂದು ಕೋವಿ ಇರುತ್ತದೆ. ಆ ಮನೆಗಳ ಮಕ್ಕಳೇ ನನ್ನ ಶಾಲೆಗೆ ಬರುವವರು. ಅವರೇ ಮುಂದೆ ಹುಬ್ಬಳ್ಳಿ, ಬೆಂಗಳೂರು, ಪುಣೆ ಎಂದು ಹೊರಟು ಹೋಗುವವರು. ಹೋಗುವ ಮಕ್ಕಳಿಗೂ ಮನೆಯಲ್ಲೇ ಉಳಿಯುವ ಕೋವಿಗೂ ನಡುವೆ ಒಂದು ಕಾಗದವಿದೆ. ಆ ಕಾಗದವನ್ನು ನಾವು ಯಾರೂ ಸರಿಯಾಗಿ ಓದಿರುವುದಿಲ್ಲ ಎಂಬುದು ನನಗೆ ತಿಳಿದದ್ದು 2014ರ ಬೇಸಿಗೆಯಲ್ಲಿ.

ನಮ್ಮ ನೆರೆಯ ಮೇಲಿನಮನೆಯವರನ್ನು ನಾನು ಭಾವ ಎಂದೇ ಕರೆಯುವುದು. ಅವರ ತೋಟದ ಒಂದು ಅಂಚು ಕಾಡಿಗೆ ತಾಗಿಕೊಂಡಿದೆ. ಹಗಲು ಮಂಗ, ರಾತ್ರಿ ಕಾಡುಹಂದಿ. ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಹನ್ನೆರಡು ಬೋರಿನ ಒಂಟಿ ನಳಿಗೆಯ ಕೋವಿ ಅವರಲ್ಲಿತ್ತು. ಅವರು ಅದರಿಂದ ಪ್ರಾಣಿ ಹೊಡೆದದ್ದನ್ನು ನಾನು ಕಂಡಿಲ್ಲ. ಆಕಾಶಕ್ಕೆ ಒಂದು ಈಡು ಹಾರಿಸಿದರೆ ಮಂಗಗಳು ಎರಡು ದಿನ ಕೆಳಗಿನ ಮನೆಯ ತೋಟಕ್ಕೆ ವಾಸ್ತವ್ಯ ಬದಲಿಸುತ್ತಿದ್ದವು, ಅಷ್ಟೆ. ಅವರ ಮಗ ನನ್ನ ವಿದ್ಯಾರ್ಥಿ. ಆಗ ಅವನಿಗೆ ಹತ್ತೊಂಬತ್ತು ವರ್ಷ, ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದ. ಉತ್ತರ ಭಾರತದ ಒಂದು ವಿಜ್ಞಾನ ಸಂಸ್ಥೆಯ ಬೇಸಿಗೆ ತರಬೇತಿಗೆ ಆಯ್ಕೆಯಾಗಿದ್ದ. ಹೋಗಿಬರುವ ವಿಮಾನದ ಖರ್ಚೂ ಅವರದೇ. ನಮ್ಮ ಶಾಲೆಯಲ್ಲಿ ಕಲಿತ ಹುಡುಗ ವಿಮಾನ ಹತ್ತುತ್ತಾನೆಂದರೆ ನನಗೆ ಆದ ಸಂತೋಷ ಅವನ ಅಪ್ಪನಿಗಿಂತ ಕಡಿಮೆಯದಲ್ಲ.

ಹೊರಡುವ ಮೊದಲು ಅವನು ಸಿರಸಿಗೆ ಹೋಗಿ ಹೊಸ ಚೀಲ ತರುವ ಮಾತಾಡಿದ. ನಾನೇ ತಡೆದೆ. “ತಮಾ, ನಿನ್ನಪ್ಪನ ಕ್ಯಾನ್ವಾಸ್ ಚೀಲ ಗಟ್ಟಿಯಾಗಿದೆ. ಅದೇ ಸಾಕು. ಆ ದುಡ್ಡಿಗೆ ಪುಸ್ತಕ ಕೊಂಡುಕೊ” ಎಂದೆ. ಮಾಸ್ತರ ಮಾತು ಎಂದು ಹುಡುಗ ಕೇಳಿದ. ಈ ಮಾತನ್ನು ನೆನೆದು ನಾನು ಇಂದಿಗೂ ಹಳಹಳಿಸುತ್ತೇನೆ.

ಎರಡನೇ ದಿನ ಬೆಳಿಗ್ಗೆ ಭಾವ ಅಂಗಳದಿಂದಲೇ ಕೂಗುತ್ತ ಬಂದರು. “ಮಾಸ್ತರೇ, ಮಾಣಿನ ಪೊಲೀಸರು ಕೂರಿಸಿಕಂಡಿದ್ವಡ. ಚೀಲದಲ್ಲಿ ತೋಟೆ ಇತ್ತಡ!”

ಆ ಚೀಲದಲ್ಲಿ ಭಾವ ಹಿಂದೊಮ್ಮೆ ಅಂಗಡಿಯಿಂದ ತೋಟೆಗಳನ್ನು ತಂದಿದ್ದರು. ಒಳಗಿನ ಅಸ್ತರಿ ಹರಿದಲ್ಲಿ ಒಂದು ತೋಟೆ ಜಾರಿ ಕೆಳಗೆ ಸೇರಿಕೊಂಡಿತ್ತು. ವರ್ಷಗಟ್ಟಲೆ ಅದು ಅಲ್ಲೇ ಇತ್ತು. ಯಾರ ಕೈಗೂ ತಾಗಲಿಲ್ಲ. ಹೊರರಾಜ್ಯದ ಒಂದು ವಿಮಾನ ನಿಲ್ದಾಣದ ಕ್ಷ-ಕಿರಣ ಯಂತ್ರಕ್ಕೆ ಮಾತ್ರ ಅದು ಒಂದೇ ಕ್ಷಣದಲ್ಲಿ ಕಂಡಿತು.

ಯಂತ್ರಕ್ಕೆ ಕಂಡದ್ದು ಏನು?

ಇಲ್ಲಿ ಸ್ವಲ್ಪ ಪಾಠ. ಕ್ಷ-ಕಿರಣವನ್ನು ಯಾವ ವಸ್ತು ಎಷ್ಟು ತಡೆಯುತ್ತದೆ ಎಂಬುದು ಆ ವಸ್ತುವಿನ ಸಾಂದ್ರತೆ ಮತ್ತು ಪರಮಾಣು ಸಂಖ್ಯೆಯನ್ನು ಅವಲಂಬಿಸಿದೆ. ಬಟ್ಟೆ, ಕಾಗದ, ಚಕ್ಕುಲಿ ಇವೆಲ್ಲ ಬಹುಪಾಲು ಇಂಗಾಲ, ಜಲಜನಕ, ಆಮ್ಲಜನಕಗಳಿಂದ ಆದವು. ಇಂಗಾಲದ ಪರಮಾಣು ಸಂಖ್ಯೆ 6. ಕಿರಣ ಇವುಗಳ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ನಮ್ಮ ಮೂಳೆಯಲ್ಲಿರುವ ಕ್ಯಾಲ್ಸಿಯಂ 20. ಅದಕ್ಕೇ ಆಸ್ಪತ್ರೆಯ ಚಿತ್ರದಲ್ಲಿ ಮೂಳೆ ಬೆಳ್ಳಗೆ ಕಾಣುವುದು. ತೋಟೆಯೊಳಗಿನ ಚರೆ ಸೀಸದ್ದು. ಸೀಸದ ಪರಮಾಣು ಸಂಖ್ಯೆ 82. ವಿಮಾನ ನಿಲ್ದಾಣದ ಯಂತ್ರ ಎರಡು ಬಗೆಯ ಶಕ್ತಿಯ ಕಿರಣಗಳನ್ನು ಹೋಲಿಸಿ, ಸಸ್ಯಜನ್ಯ, ಪ್ರಾಣಿಜನ್ಯ ಮತ್ತು ಪ್ಲಾಸ್ಟಿಕ್ ವಸ್ತುಗಳಿಗೆ ಕಿತ್ತಳೆ ಬಣ್ಣ, ಲೋಹಗಳಿಗೆ ನೀಲಿ ಬಣ್ಣ ಬಳಿದು ತೋರಿಸುತ್ತದೆ. ಚಕ್ಕುಲಿಯ ಡಬ್ಬದ ಅಡಿಯಲ್ಲಿ ಗಾಢ ನೀಲಿಯ ಒಂದು ಹೆಬ್ಬೆರಳು ಮಲಗಿದ್ದರೆ ಅಲ್ಲಿ ಕುಳಿತವರು ಸುಮ್ಮನಿರುವುದು ಹೇಗೆ?

ಇನ್ನು ‘ಹನ್ನೆರಡು ಬೋರು’ ಎಂದರೇನು? ಒಂದು ಪೌಂಡು ಸೀಸವನ್ನು ಹನ್ನೆರಡು ಸಮಭಾಗ ಮಾಡಿ, ಒಂದು ಭಾಗವನ್ನು ದುಂಡಗಿನ ಗುಂಡು ಮಾಡಿದರೆ ಅದು ಹಿಡಿಸುವಷ್ಟು ಅಗಲದ ನಳಿಗೆ ಎಂದರ್ಥ. ಒಂದು ಪೌಂಡಿಗೆ 453.6 ಗ್ರಾಂ, ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ ಎಂದು ಇಟ್ಟುಕೊಂಡು ನಳಿಗೆಯ ವ್ಯಾಸವನ್ನು ನೀವೇ ಲೆಕ್ಕ ಮಾಡಿ ನೋಡಿ. ಸುಮಾರು 18.5 ಮಿಲಿಮೀಟರ್ ಬಂದರೆ ನಿಮ್ಮ ಗೋಲದ ಸೂತ್ರ ಸರಿಯಾಗಿದೆ.

ಠಾಣೆಯ ಮೇಜಿನ ಮೇಲೆ

ನಾನೂ ಭಾವನೂ ರಾತ್ರಿಯ ಬಸ್ಸು ಹಿಡಿದು ಹೋದೆವು. ಭಾವ ಪರವಾನಿಗೆಯ ಪುಸ್ತಕವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು. ಇದನ್ನು ತೋರಿಸಿದರೆ ಮುಗಿಯಿತು ಎಂಬುದು ಅವರ ನಂಬಿಕೆ. ನನ್ನದೂ ಅದೇ. ಸರಕಾರವೇ ಕೊಟ್ಟ ಪರವಾನಿಗೆ, ಸರಿಯಾಗಿ ನವೀಕರಿಸಿದ್ದು, ಠಸ್ಸೆ ಬಿದ್ದದ್ದು.

ಠಾಣಾಧಿಕಾರಿ ಒರಟರಲ್ಲ. ಪುಸ್ತಕವನ್ನು ಪುಟ ತಿರುವಿ ಓದಿದರು. ಆಮೇಲೆ ಹಿಂದಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು: “ಈ ಕಾಗದ ನಿಮ್ಮದು, ಹುಡುಗನದಲ್ಲ. ಇದರಲ್ಲಿ ಬರೆದ ಊರು ನಿಮ್ಮದು, ಈ ಊರಲ್ಲ.”

ಆ ಎರಡು ವಾಕ್ಯ ನನಗೆ ಹತ್ತು ಪುಟದ ಪಾಠವಾಯಿತು. ಕೋವಿಯ ಪರವಾನಿಗೆ ಮೂರು ಪ್ರಶ್ನೆಗಳಿಗೆ ಉತ್ತರ. ಯಾರು? ಯಾವ ಕೋವಿ? ಎಲ್ಲಿ? ಮೊದಲ ಎರಡನ್ನು ನಾವು ಎಲ್ಲರೂ ಬಲ್ಲೆವು. ಮೂರನೆಯದನ್ನು ಓದುವುದೇ ಇಲ್ಲ. ಪರವಾನಿಗೆ ಯಾವ ಪ್ರದೇಶದೊಳಗೆ ನಡೆಯುತ್ತದೆ ಎಂದು ಅದರಲ್ಲೇ ಒಂದು ಅಂಕಣವಿದೆ. ಬೆಳೆ ರಕ್ಷಣೆಯ ಪರವಾನಿಗೆಯಾದರೆ ಆ ಪ್ರದೇಶ ಇನ್ನೂ ಚಿಕ್ಕದು, ಏಕೆಂದರೆ ಬೆಳೆ ಇರುವಲ್ಲಿ ತಾನೇ ರಕ್ಷಣೆ? ಭಾವನ ಪುಸ್ತಕದಲ್ಲಿ ಸಿದ್ದಾಪುರ ತಾಲೂಕು ಎಂದಿತ್ತು. ಇಷ್ಟು ವರ್ಷ ಅವರು ಅದನ್ನು ತಮ್ಮ ವಿಳಾಸದ ಭಾಗವೆಂದೇ ತಿಳಿದಿದ್ದರು!

ಹುಡುಗನ ಸ್ಥಿತಿ ಇನ್ನೂ ಕಠಿಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಅಂದರೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಇಪ್ಪತ್ತೊಂದು ವರ್ಷ ತುಂಬದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕ್ರೀಡಾ ತರಬೇತಿಯಂಥ ಸಂದರ್ಭಕ್ಕೆ ಮಾತ್ರ ಬೇರೆ ನಿಯಮವಿದೆ. ಕೋವಿ ಇಲ್ಲದೆ ಬರಿಯ ತೋಟೆ ಇದ್ದರೂ ಅಪರಾಧವೇ. ಆಗ ಅದಕ್ಕೆ ಒಂದರಿಂದ ಮೂರು ವರ್ಷ ಸೆರೆವಾಸವಿತ್ತು. 2019ರ ತಿದ್ದುಪಡಿಯಾದ ಮೇಲೆ ಎರಡರಿಂದ ಐದು ವರ್ಷ.

ಹುಡುಗನಿಗೆ ಜಾಮೀನು ಸಿಕ್ಕಿತು. ತನ್ನ ಬಳಿ ಇದೆ ಎಂದು ತಿಳಿದೇ ಇರದ ವಸ್ತುವನ್ನು ಇಟ್ಟುಕೊಂಡ ಅಪರಾಧ ಹೊರಿಸಬಹುದೇ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. 1972ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಶಸ್ತ್ರ ಇಟ್ಟುಕೊಂಡಿದ್ದಾನೆ ಎನ್ನಬೇಕಾದರೆ ಅವನಿಗೆ ಅದರ ಅರಿವು ಇರಬೇಕು ಎಂದು ಹೇಳಿದೆ. ಆ ಮಾತನ್ನೇ ಹಿಡಿದು ವಕೀಲರು ವಾದಿಸಿದರು, ಪ್ರಕರಣ ರದ್ದಾಯಿತು. ಆದರೆ ಅದಕ್ಕೆ ಎರಡು ವರ್ಷ ಹಿಡಿಯಿತು. ಬೇಸಿಗೆ ತರಬೇತಿ ತಪ್ಪಿತು. ಎಷ್ಟೋ ಅರ್ಜಿಗಳಲ್ಲಿ ‘ನಿಮ್ಮ ಮೇಲೆ ಪ್ರಕರಣ ಬಾಕಿ ಇದೆಯೇ’ ಎಂಬ ಸಾಲಿನ ಮುಂದೆ ಅವನು ‘ಹೌದು’ ಎಂದು ಬರೆಯಬೇಕಾಯಿತು. ಅರಿವಿಲ್ಲದ ತಪ್ಪಿಗೆ ಶಿಕ್ಷೆಯಾಗಲಿಲ್ಲ ನಿಜ. ಆದರೆ ಆ ಎರಡು ವರ್ಷದ ಲೆಕ್ಕವನ್ನು ಯಾರು ತುಂಬಿಕೊಡುತ್ತಾರೆ?

ಗಡಿ ಎಂಬ ಗೆರೆ

ಸ್ವಂತ ಊರಿನಲ್ಲಿ ಪ್ರಾಮಾಣಿಕನಾದವನು ಗಡಿ ದಾಟಿದೊಡನೆ ಕಳ್ಳನಾಗುತ್ತಾನೆಯೇ ಎಂದು ಭಾವ ದಾರಿಯುದ್ದಕ್ಕೂ ಕೇಳುತ್ತಿದ್ದರು. ಸಿಟ್ಟಿನ ಪ್ರಶ್ನೆಯಾದರೂ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ, ಪರವಾನಿಗೆ ಕೊಡುವ ಕ್ರಮದಲ್ಲೇ ಇದೆ.

ಅರ್ಜಿ ಬಂದೊಡನೆ ಪರವಾನಿಗೆ ಕೊಡುವ ಅಧಿಕಾರಿ ಪೊಲೀಸ್ ಠಾಣೆಯ ವರದಿ ತರಿಸಬೇಕು. ಈ ಮನುಷ್ಯ ಎಂಥವನು? ಕುಡಿದು ಜಗಳ ತೆಗೆಯುವವನೇ? ದಾಯಾದಿಗಳೊಡನೆ ಗಡಿ ತಕರಾರು ಉಂಟೇ? ಮನಸ್ಸು ಸ್ವಸ್ಥವಾಗಿದೆಯೇ? ಇವನ್ನೆಲ್ಲ ಹೇಳಬಲ್ಲವರು ಯಾರು? ಅಕ್ಕಪಕ್ಕದವರು, ಊರಿನವರು. ಭಾವನ ವಿಷಯ ಕೇಳಿದರೆ ಬಿಳಗಿಯಲ್ಲಿ ಐವತ್ತು ಮಂದಿ ಹೇಳಿಯಾರು. ಮುನ್ನೂರು ಮೈಲಿ ಆಚೆಯ ಠಾಣೆಗೆ ಅವರು ಮುಖವಿಲ್ಲದ ಮನುಷ್ಯ. ಹಾಗಾಗಿ ಕೋವಿಯ ಮೇಲಿನ ನಂಬಿಕೆ ಎಂಬುದು ಊರಿನ ನಂಬಿಕೆ. ಅದು ಊರಿನ ಗಡಿಯವರೆಗೆ ತಾನಾಗಿ ಬರುತ್ತದೆ. ಅದರಾಚೆಗೆ ಹೋಗಬೇಕಾದರೆ ಹೊಸದಾಗಿ ಕೇಳಿ ಬರೆಸಿಕೊಳ್ಳಬೇಕು.

ಗಡಿಯೇ ಕೆಲವೊಮ್ಮೆ ಜಾಗ ಬದಲಿಸುವುದೂ ಉಂಟು. ಸಿದ್ದಾಪುರದಿಂದ ತಾಳಗುಪ್ಪದ ಕಡೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಶಿವಮೊಗ್ಗ ಜಿಲ್ಲೆ ಬರುತ್ತದೆ. ಇಂದು ಅದು ಬರಿಯ ಜಿಲ್ಲೆಯ ಗಡಿ. ಆದರೆ 1956ರ ನವೆಂಬರ್ 1ಕ್ಕಿಂತ ಮೊದಲು ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಸಾಗರ ಮೈಸೂರು ರಾಜ್ಯದಲ್ಲಿತ್ತು. ಸಿದ್ದಾಪುರದ ಹೆಣ್ಣನ್ನು ಸಾಗರಕ್ಕೆ ಕೊಟ್ಟರೆ ಹೊರರಾಜ್ಯಕ್ಕೆ ಕೊಟ್ಟಂತೆ! ಉತ್ತರಕ್ಕೆ ಹೋದರೆ ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ತುಗೀಜರ ಕೈಯಲ್ಲಿದ್ದ ಪರದೇಶ. ಈಗ ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತೇವೆ. ನಾವು ಗಡಿಯನ್ನು ಮರೆಯಬಹುದು. ಪರವಾನಿಗೆಯ ಕಾಗದ ಮರೆಯುವುದಿಲ್ಲ. ತೋಟ ಸಿದ್ದಾಪುರದಲ್ಲಿ, ಹೆಂಡತಿಯ ತವರು ಸಾಗರದಲ್ಲಿ ಇರುವವರು ತವರಿನ ತೋಟಕ್ಕೆ ಹಂದಿ ಬಂತೆಂದು ಕೋವಿಯನ್ನು ಜೀಪಿಗೆ ಹಾಕಿಕೊಂಡು ಹೊರಡುವ ಮೊದಲು ಆ ಸಾಲನ್ನು ಒಮ್ಮೆ ಓದುವುದು ಒಳ್ಳೆಯದು. ಪರವಾನಿಗೆಯ ಷರತ್ತು ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆಯಲ್ಲಿದೆ.

ಗಡಿಯೊಳಗೂ ಕೋವಿಗೆ ಹೋಗಬಾರದ ಜಾಗಗಳಿವೆ. ವಿಶೇಷ ಅನುಮತಿ ಇಲ್ಲದೆ ಅದನ್ನು ಜಾತ್ರೆಗೆ, ಮೆರವಣಿಗೆಗೆ, ಸಾರ್ವಜನಿಕ ಸಭೆಗೆ ಒಯ್ಯುವಂತಿಲ್ಲ. ಶಾಲೆ ಕಾಲೇಜಿನ ಆವರಣದೊಳಗೆ ತರುವಂತಿಲ್ಲ. ಎಂಟನೇ ತರಗತಿಯ ಹುಡುಗನೊಬ್ಬ ‘ವಿಜ್ಞಾನ ಪ್ರದರ್ಶನಕ್ಕೆ ಅಜ್ಜನ ಕೋವಿ ತರಲೇ ಸರ್’ ಎಂದು ಕೇಳಿದ್ದುಂಟು. ಅವನಿಗೆ ನಾನು ಈ ಷರತ್ತನ್ನೇ ಓದಿ ಹೇಳಿದೆ.

ಊರು ಬಿಟ್ಟವರು ಏನು ಮಾಡಬೇಕು?

ಇನ್ನು ಬೇರೆ ರಾಜ್ಯದಲ್ಲಿ ನೆಲೆಸಿದವರ ಮಾತು. ಬಹಳ ಮಂದಿ ತಿಳಿದಿರುವುದು, ಹುಟ್ಟಿದ ಊರಿನಲ್ಲೇ ಪರವಾನಿಗೆ ಕೇಳಬೇಕು ಎಂದು. ಹಾಗಲ್ಲ. ಅರ್ಜಿದಾರ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೋ ಅಥವಾ ಎಲ್ಲಿ ಉದ್ಯೋಗ ಮಾಡುತ್ತಾನೋ ಅಲ್ಲಿಯ ಅಧಿಕಾರಿಗೆ ಅರ್ಜಿ ಕೊಡಬೇಕು. ನಮ್ಮಲ್ಲಾದರೆ ಕಾರವಾರದಲ್ಲಿರುವ ಜಿಲ್ಲಾಧಿಕಾರಿ. ಪುಣೆಯಂಥ ದೊಡ್ಡ ಪಟ್ಟಣಗಳಲ್ಲಿ ಪೊಲೀಸ್ ಆಯುಕ್ತರು. ಆ ರಾಜ್ಯದಲ್ಲಿ ಹುಟ್ಟಿರಬೇಕೆಂದೇನೂ ಇಲ್ಲ. ಅಲ್ಲಿ ನೆಲೆಸಿರುವುದಕ್ಕೆ ಆಧಾರ ಬೇಕು, ಕೋವಿ ಏಕೆ ಬೇಕು ಎಂಬುದಕ್ಕೆ ಕಾರಣ ಬೇಕು, ಠಾಣೆಯ ವರದಿ ಬೇಕು. 2016ರಲ್ಲಿ ಬಂದ ಹೊಸ ನಿಯಮಗಳ ಪ್ರಕಾರ ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ, ಆರೋಗ್ಯದ ಪ್ರಮಾಣಪತ್ರ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವೂ ಬೇಕು. ಕೊಡುವುದಿಲ್ಲವೆಂದರೆ ಅಧಿಕಾರಿ ಕಾರಣವನ್ನು ಬರೆದಿಡಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ.

ಪರವಾನಿಗೆ ಮೊದಲೇ ಇದ್ದು, ವರ್ಗವಾಗಿಯೋ ಉದ್ಯೋಗಕ್ಕಾಗಿಯೋ ಕೋವಿಯ ಸಮೇತ ಬೇರೆಡೆ ಹೋದವರ ಕ್ರಮ ಬೇರೆ. ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ವಾಸ ಬದಲಾಗುವುದಿದ್ದರೆ, ಬದಲಾದ ಮೂವತ್ತು ದಿನದೊಳಗೆ ಹೊಸ ಊರಿನ ಅಧಿಕಾರಿಗೂ ಹಳೆಯ ಊರಿನ ಅಧಿಕಾರಿಗೂ ತಿಳಿಸಬೇಕು. ಕೇಳಿದಾಗ ಪರವಾನಿಗೆಯನ್ನೂ ಕೋವಿಯನ್ನೂ ಹಾಜರುಪಡಿಸಿ ನಮೂದು ಮಾಡಿಸಿಕೊಳ್ಳಬೇಕು. ಇದು, ಆ ಹೊಸ ಊರು ಪರವಾನಿಗೆ ನಡೆಯುವ ಪ್ರದೇಶದೊಳಗೆ ಇದ್ದಾಗಿನ ಮಾತು. ಹೊರಗಿದ್ದರೆ ಕೋವಿಯನ್ನು ಒಯ್ಯುವ ಮೊದಲೇ ಪ್ರದೇಶ ವಿಸ್ತರಿಸಿಕೊಡಿ ಎಂದು ಅರ್ಜಿ ಹಾಕಬೇಕು. ಮೊದಲು ಕಾಗದ ಹೋಗಲಿ, ಹಿಂದಿನಿಂದ ಕೋವಿ ಹೋಗಲಿ. ನಮ್ಮವರು ಮಾಡುವುದು ಸಾಧಾರಣವಾಗಿ ಇದರ ಉಲ್ಟಾ.

ಇದಕ್ಕೆಲ್ಲ ಅಪವಾದವೇ ಇಲ್ಲವೇ? ನಮ್ಮ ರಾಜ್ಯದಲ್ಲೇ ಒಂದಿದೆ. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಿಗೆಯ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜಿಸುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಕೇಂದ್ರ ಸರಕಾರ 2019ರ ಅಕ್ಟೋಬರ್ 29ರ ಅಧಿಸೂಚನೆಯಿಂದ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಆದರೆ ಗಮನಿಸಿ, ಆ ವಿನಾಯಿತಿಯೊಳಗೂ ಗಡಿಯ ಮಾತಿದೆ. ಕೊಡಗಿನ ಹೊರಗೆ ವಾಸವಿದ್ದಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ಲು, ಅದಕ್ಕೆ 100 ಗುಂಡು, ಮತ್ತು ಒಂದು ನಯ ನಳಿಗೆಯ ಕೋವಿ, ಅದಕ್ಕೆ 500 ತೋಟೆ ಮೀರಬಾರದು ಎಂದು ಮಿತಿ ಹಾಕಲಾಗಿದೆ. ತಲೆತಲಾಂತರದಿಂದ ಕೋವಿ ಹಿಡಿದವರಿಗೂ ಜಿಲ್ಲೆ ದಾಟಿದರೆ ಒಂದು ಎಣಿಕೆ ಉಂಟು.

ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ‘ಇಲ್ಲಿ ಇದೆಲ್ಲ ಸುಲಭ ಸರ್’ ಎಂದ. ಸುಲಭ ನಿಜ, ಸರಳ ಅಲ್ಲ. ಅಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕೋವಿ ಹೊತ್ತು ತಿರುಗಲು ಪರವಾನಿಗೆಯೇ ಬೇಕಿಲ್ಲ. ಉಟಾ, ಫ್ಲಾರಿಡಾದಂಥ ರಾಜ್ಯಗಳು ಹೊರರಾಜ್ಯದವರಿಗೂ ಪರವಾನಿಗೆ ಕೊಡುತ್ತವೆ. ಹಾಗಿದ್ದರೂ ಒಂದು ರಾಜ್ಯದ ಪರವಾನಿಗೆಯನ್ನು ಮತ್ತೊಂದು ರಾಜ್ಯ ಒಪ್ಪಲೇಬೇಕೆಂದಿಲ್ಲ. ಒಪ್ಪದ ರಾಜ್ಯದೊಳಗೆ ಕಾರು ನುಗ್ಗಿತೋ, ಅಲ್ಲಿಯ ಕಾನೂನು. ನಮ್ಮ ಪಾಲಕರು ತಿಳಿಯಬೇಕಾದದ್ದು ಇನ್ನೊಂದಿದೆ. ಓದಿಗೆಂದೋ ತಾತ್ಕಾಲಿಕ ಕೆಲಸದ ವೀಸಾದ ಮೇಲೋ ಅಲ್ಲಿಗೆ ಹೋದವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವುದೇ ಅಲ್ಲಿಯ ಕೇಂದ್ರ ಕಾನೂನಿಗೆ ವಿರುದ್ಧ. ಬೇಟೆಯ ಪರವಾನಿಗೆಯಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಗೆಳೆಯರು ಕೊಂಡರೆಂದು ತಾನೂ ಕೊಳ್ಳಲು ಹೊರಟ ಹುಡುಗ ವೀಸಾವನ್ನೇ ಕಳೆದುಕೊಂಡಾನು.

ಅಕ್ಕನ ಅರ್ಜಿ

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಅವನೇನೂ ಸೋಲಲಿಲ್ಲ. ಎಂ.ಎಸ್ಸಿ. ಮುಗಿಸಿ ಪುಣೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಕಳೆದ ತಿಂಗಳು ರಜೆಗೆ ಬಂದಿದ್ದಾಗ ಜಗಲಿಯಲ್ಲಿ ಕುಳಿತು ಕೇಳಿದ: “ಸರ್, ಅಪ್ಪನಿಗೆ ಎಪ್ಪತ್ತು ದಾಟಿತು. ಕೈ ನಡುಗುತ್ತದೆ. ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲೇ? ಆದರೆ ನಾನು ಇರುವುದು ಮಹಾರಾಷ್ಟ್ರದಲ್ಲಿ.”

2014ರಲ್ಲಿ ಸುಟ್ಟುಕೊಂಡವರು ಈ ಸಲ ಮೊದಲೇ ಕಾಗದ ಬಿಚ್ಚಿ ಕುಳಿತೆವು. 2016ರ ನಿಯಮದಂತೆ, ಪರವಾನಿಗೆ ಇರುವವರಿಗೆ ಎಪ್ಪತ್ತು ವರ್ಷ ತುಂಬಿದಾಗ ಅಥವಾ ಕೋವಿ ಅವರಲ್ಲಿ ಇಪ್ಪತ್ತೈದು ವರ್ಷ ಇದ್ದಾಗ, ಇವುಗಳಲ್ಲಿ ಯಾವುದು ಮೊದಲೋ ಆಗ, ಅವರು ತಮ್ಮ ವಾರಸುದಾರರೊಬ್ಬರನ್ನು ಹೆಸರಿಸಿ ಅವರಿಗೆ ಪರವಾನಿಗೆ ಕೊಡಿಸಬಹುದು. ಅಷ್ಟರಮಟ್ಟಿಗೆ ದಾರಿ ಇದೆ. ಆದರೆ ಹುಡುಗನ ವಾಸ ಪುಣೆ. ಅವನು ಅರ್ಜಿ ಕೊಡಬೇಕಾದದ್ದು ಅಲ್ಲಿ. ಅಲ್ಲಿ ಅವನಿಗೆ ಕಾಯಲು ಬೆಳೆ ಇಲ್ಲ. ಇರುವುದು ಮೂರನೇ ಮಹಡಿಯ ಕುಂಡದಲ್ಲಿ ಒಂದು ತುಳಸಿ. ಪಹಣಿ ಇಲ್ಲಿದೆ, ಮಂಗ ಇಲ್ಲಿದೆ, ಅವನೇ ಇಲ್ಲಿಲ್ಲ. ವರ್ಷಕ್ಕೆ ಹದಿನೈದು ದಿನ ಬರುವವನು ಇಲ್ಲಿಯೇ ವಾಸವೆಂದು ಬರೆದುಕೊಟ್ಟರೆ ಅದು ಸುಳ್ಳು. ಅರ್ಜಿಯಲ್ಲಿ ಸುಳ್ಳು ಬರೆದು ಪಡೆದ ಪರವಾನಿಗೆ ರದ್ದಾಗುತ್ತದೆ.

“ಹಾಗಿದ್ದರೆ ನಾನಿಲ್ಲದಾಗ ಕೋವಿ ಅಟ್ಟದಲ್ಲೇ ಇರಲಿ ಬಿಡಿ” ಎಂದ. ಅದೂ ಆಗದು. ಪರವಾನಿಗೆ ಇರುವವರು ತೀರಿಕೊಂಡರೆ ಅಥವಾ ಪರವಾನಿಗೆಯ ಅವಧಿ ಮುಗಿದರೆ, ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಿಗೆ ಪಡೆದ ವ್ಯಾಪಾರಿಯಲ್ಲೋ ಒಪ್ಪಿಸಬೇಕು. ಹದಿಮೂರನೇ ದಿನ ಕಳೆದು ಮಕ್ಕಳೆಲ್ಲ ಅವರವರ ಊರಿಗೆ ಹೋದ ಮೇಲೆ ಅಟ್ಟದಲ್ಲಿ ಉಳಿದ ಕೋವಿ, ಹೊಣೆ ಯಾರದೆಂದು ಗೊತ್ತಿಲ್ಲದ ಕೋವಿ. ಅಂಥವು ಕಳ್ಳರ ಕೈಗೋ ಮಕ್ಕಳ ಕೈಗೋ ಸಿಕ್ಕರೆ ಆಗುವ ಅನಾಹುತವನ್ನು ನಾನು ವಿವರಿಸಬೇಕಿಲ್ಲ.

ಭಾವ ನಿಟ್ಟುಸಿರು ಬಿಟ್ಟು, “ಹಂಗಾರೆ ಕೊಟ್ಟುಬಿಡುವ” ಎಂದರು. ಆಗ ಒಳಗಿನಿಂದ ಕವಳದ ಹರಿವಾಣ ತಂದಿಟ್ಟ ಅಕ್ಕ ಹೇಳಿದ ಮಾತು ಇಷ್ಟೇ: “ಮಂಗ ಬಂದಾಗ ಡಬ್ಬ ಬಡಿಯದು ಆನು. ತೋಟ ಕಾಯದು ಆನು. ಕಾಗ್ದ ಮಾತ್ರ ಪುಣೆಗೆ ಎಂತಕ್ಕೆ ಹೋಗವು?”

ನಾವು ಮೂವರು ಗಂಡಸರು, ಅದರಲ್ಲಿ ಇಬ್ಬರು ವಿಜ್ಞಾನ ಓದಿದವರು, ಒಬ್ಬರ ಮುಖ ಒಬ್ಬರು ನೋಡಿದೆವು. ಹೆಂಡತಿಯೂ ವಾರಸುದಾರಳೇ. ವಾಸ ಬಿಳಗಿಯಲ್ಲೇ. ಬೆಳೆ ಅವರ ಕಣ್ಣೆದುರೇ. ಊರಿನವರು ಅವರನ್ನು ನಲವತ್ತು ವರ್ಷದಿಂದ ಬಲ್ಲರು. ಭಾವನಿಗಿಂತ ಹತ್ತು ವರ್ಷ ಚಿಕ್ಕವರು, ಕಣ್ಣು ಚುರುಕು, ಕೈ ಗಟ್ಟಿ. ಯಾರು, ಯಾವುದು, ಎಲ್ಲಿ ಎಂಬ ಮೂರು ಪ್ರಶ್ನೆಗೂ ಉತ್ತರ ಅಡುಗೆಮನೆಯಲ್ಲೇ ಇತ್ತು. ಕೋವಿಯನ್ನು ‘ಗಂಡಸರ ವಸ್ತು’ ಎಂದು ಬರೆದದ್ದು ನಾವು, ಕಾನೂನಲ್ಲ.

ಅರ್ಜಿ ಹೋಗಿದೆ. ಈಗ ಅರ್ಜಿಯೆಲ್ಲ ಗಣಕಯಂತ್ರದ ಮೂಲಕವೇ. ದೇಶದ ಎಲ್ಲ ಪರವಾನಿಗೆಗಳಿಗೂ ಒಂದೊಂದು ವಿಶಿಷ್ಟ ಸಂಖ್ಯೆಯಿದ್ದು, ಒಂದೇ ಪಟ್ಟಿಯಲ್ಲಿ ಸೇರಿವೆ. ಮಾಣಿಯೇ ಕುಳಿತು ತುಂಬಿಕೊಟ್ಟ. ಅಕ್ಕ ತರಬೇತಿಗೆ ಹೋಗಬೇಕು, ವೈದ್ಯರ ಪ್ರಮಾಣಪತ್ರ ತರಬೇಕು, ಠಾಣೆಯವರು ಬಂದು ವಿಚಾರಿಸಬೇಕು. ಪರವಾನಿಗೆ ಬಂದರೂ ಅದು ಮಂಗ, ನವಿಲು ಹೊಡೆಯುವ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ ಎಂದು ನಾನು ಹೇಳಿದೆ. “ಕೊಲ್ಲದು ಯಾರಿಗೆ ಬೇಕು ಮಾಸ್ತರೇ, ಅವು ಓಡಿದರೆ ಸಾಕು” ಎಂದರು ಅಕ್ಕ.

ಪಾಲಕರೇ, ನಿಮ್ಮ ಮನೆಯಲ್ಲಿ ಕೋವಿ ಇದ್ದರೆ ಈ ಭಾನುವಾರ ಪರವಾನಿಗೆಯನ್ನು ಹೊರತೆಗೆದು ಮಕ್ಕಳ ಕೈಯಲ್ಲಿ ಓದಿಸಿ. ಕೋವಿಯನ್ನಲ್ಲ, ಕಾಗದವನ್ನು. ಅವಧಿ ಯಾವಾಗ ಮುಗಿಯುತ್ತದೆ, ಎಷ್ಟು ತೋಟೆಗೆ ಅನುಮತಿ, ಯಾವ ಪ್ರದೇಶ ಎಂಬ ಮೂರು ಸಾಲುಗಳಿಗೆ ಬೆರಳಿಟ್ಟು ತೋರಿಸಿ. ತಂದ ತೋಟೆಗಳೆಷ್ಟು, ಖರ್ಚಾದವೆಷ್ಟು, ಉಳಿದವೆಷ್ಟು ಎಂದು ಎಣಿಸಿ. ಲೆಕ್ಕದಲ್ಲಿ ಒಂದು ಕಡಿಮೆ ಬಂದರೆ ಅದು ಎಲ್ಲೋ ಇದ್ದೇ ಇದೆ. ಹುಡುಕಿ.

ಮೊನ್ನೆ ಪುಣೆಗೆ ಹೊರಡುವ ಮೊದಲು ಮಾಣಿ ತನ್ನ ಚೀಲವನ್ನು ಜಗಲಿಯ ಮೇಲೆ ಬೋರಲು ಹಾಕಿ ಕೊಡವಿದ. ಪ್ರತಿ ಜೇಬನ್ನೂ ಹೊರಮಗ್ಗಲು ತಿರುಗಿಸಿದ. ಅಸ್ತರಿಯ ಹೊಲಿಗೆಯ ಮೇಲೆ ಬೆರಳಾಡಿಸಿದ. ಒಂದು ಅಡಿಕೆ, ಎರಡು ಬಸ್ಸಿನ ಚೀಟಿ ಬಿದ್ದವು. ಚೀಲ ಹೊಸದೇ. ಆದರೂ ಪ್ರತಿ ಸಲ ಹೀಗೆ ಮಾಡುತ್ತಾನಂತೆ. ನೀವೂ ಊರು ಬಿಡುವಾಗ ಒಮ್ಮೆ ಕೊಡವಿ ನೋಡಿ.